ಒಲೆಯ ಹೆಸರು

ನಮ್ಮೂರಲ್ಲಿ ಭಂಡಾರದ ಕಿಟಕಿಗೆ ಹೋಗುವ ಹೆಂಗಸರು ಒಳ್ಳೆಯ ಸೀರೆ ಉಟ್ಟುಕೊಂಡು ಹೋಗುತ್ತಾರೆ. ತಲೆ ಬಾಚಿ, ಕುಂಕುಮ ತಿದ್ದಿ, ಹೊಸಿಲು ದಾಟುವ ಮುಂಚೆ ಕನ್ನಡಿಯಲ್ಲಿ ಒಂದು ಸಲ ಮುಖ ನೋಡಿಕೊಂಡು, ಮನೆಯ ಜಗಳವನ್ನು ಮನೆಯಲ್ಲೇ ಮುಗಿಸಿ ಹೊರಡುತ್ತಾರೆ. ಮುಗಿಯದಿದ್ದರೆ ಅವತ್ತು ಹೋಗುವುದೇ ಇಲ್ಲ. ಗಂಡಸರೂ ಅಷ್ಟೆ. ಸಾಲು ಹತ್ತಿರ ಬರುತ್ತಿದ್ದಂತೆ ಬೀಡಿ ಎಸೆದು, ಬಾಯಿ ಒರೆಸಿ, ತುಟಿಯ ಮೇಲೆ ಸಣ್ಣದೊಂದು ನಗು ತಂದುಕೊಳ್ಳುತ್ತಾರೆ. ಹೊಸದಾಗಿ ಊರಿಗೆ ಬಂದವರು ಇದನ್ನು ನೋಡಿ, ಎಷ್ಟು ಸಂತೋಷದ ಜನ ಅಂದುಕೊಳ್ಳುತ್ತಾರೆ. ಯಾವ ಹೊತ್ತಿನಲ್ಲಿ ಭಂಡಾರದ ಸರ್ವರ್ ಬಿದ್ದುಹೋಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಬಿದ್ದ ಗಳಿಗೆಯಲ್ಲಿ ಯಾರ ಅರ್ಜಿ ಅದರೊಳಗೆ ಇರುತ್ತದೋ ಅವರು ಇದ್ದಲ್ಲೇ ನಿಂತುಬಿಡುತ್ತಾರೆ, ಇದ್ದ ಮುಖದಲ್ಲೇ.

ನಿಂತವರಿಗೆ ಹಸಿವಿಲ್ಲ, ನೋವಿಲ್ಲ. ಉಸಿರು ಮಾತ್ರ ಇರುತ್ತದೆ, ಮೂಗಿನ ಹತ್ತಿರ ಕೈ ಹಿಡಿದರೆ ಗೊತ್ತಾಗುವಷ್ಟು. ಸರ್ವರ್ ಎದ್ದು ಅವರ ಅರ್ಜಿಗೆ ಉತ್ತರ ಕೊಟ್ಟ ಕೂಡಲೇ ಎಚ್ಚರಾಗಿ, ಚೀಟಿಗೆ ಕೈ ಚಾಚುತ್ತಾರೆ. ನಡುವೆ ಏನು ಕಳೆಯಿತೆಂಬುದು ಅವರಿಗೆ ತಿಳಿಯುವುದಿಲ್ಲ. ಹತ್ತು ನಿಮಿಷ, ಅರ್ಧ ಗಂಟೆ ನಿಲ್ಲುವುದನ್ನು ನಮ್ಮೂರಲ್ಲಿ ಯಾರೂ ದೊಡ್ಡದು ಮಾಡುವುದಿಲ್ಲ. ನಿಂತವರ ಪಕ್ಕದಲ್ಲಿ ಮನೆಯವರೊಬ್ಬರು ಕೂರಬೇಕು, ನೊಣ ಓಡಿಸಬೇಕು, ಬಿಸಿಲು ತಿರುಗಿದ ಹಾಗೆ ಕೊಡೆ ತಿರುಗಿಸಬೇಕು. ಮುಖ ನೋಡುವ ಹಾಗಿಲ್ಲದಿದ್ದರೆ ಮೇಲೊಂದು ಟವೆಲ್ ಹಾಕಬೇಕು. ಇದು ರೂಢಿ.

ಆ ಸರ್ವರನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು. ಊರಿನ ಅಕ್ಕಿ, ಎಣ್ಣೆ, ನೂಲು, ಔಷಧಿ ಎಲ್ಲವೂ ಭಂಡಾರದಿಂದಲೇ ಬರಬೇಕು. ಮನೆಗೊಂದು ಕಾರ್ಡು. ಕಾರ್ಡಿನ ಮೊದಲನೆಯ ಸಾಲು ‘ಒಲೆಯ ಹೆಸರು’, ಅಂದರೆ ಆ ಮನೆಯಲ್ಲಿ ಒಲೆ ಹಚ್ಚುವವಳು ಯಾರು ಎಂದು. ಏನೇ ಕೊಡುವುದಿದ್ದರೂ ಆ ಹೆಸರಿಗೇ ಕೊಡುವುದು. ಆ ಹೆಸರು ತೆಗೆಸಿದ ಚೀಟಿ ಇಲ್ಲದೆ ಅವಳಿಗೆ ಬೇರೆ ಕಡೆ ಪಾಲು ಸಿಗುವುದಿಲ್ಲ. ಕಾರ್ಡಿನ ಪ್ರೋಗ್ರಾಂ ಬರೆದಾಗ ನನಗೆ ಇಪ್ಪತ್ತಾರು ವರ್ಷ, ಆ ಸಾಲು ನನ್ನದೇ ಬುದ್ಧಿ. ಅದು ಖಾಲಿ ಇದ್ದರೆ ಏನು ಮಾಡಬೇಕೆಂದು ನಾನು ಬರೆಯಲಿಲ್ಲ. ಖಾಲಿ ಇರುವುದು ಹೇಗೆ? ಒಬ್ಬಳು ಸತ್ತರೆ ಹನ್ನೊಂದು ದಿನದೊಳಗೆ ಮಗಳದೋ ಸೊಸೆಯದೋ ಹೆಸರು ಆ ಜಾಗದಲ್ಲಿ ಬಂದು ಕೂರುತ್ತಿತ್ತು. ಯಾರೂ ಇಲ್ಲದ ಮನೆಯವರು ದೂರದ ಚಿಕ್ಕಮ್ಮನ ಹೆಸರನ್ನಾದರೂ ತಂದು ಹಾಕಿಸುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಮನೆಯ ಒಲೆಯ ಹೆಸರೂ ಖಾಲಿಯಾಗಿರಲಿಲ್ಲ.

ಇನ್ನೊಂದು ಕೆಲಸವನ್ನೂ ಆಗಲೇ ಮಾಡಿದ್ದೆ. ಆಗಿನ ಮ್ಯಾನೇಜರಿಗೆ ಪರದೆಯ ಮೇಲೆ ಕೆಂಪು ಅಕ್ಷರ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ, ಏನಾದರೂ ತಪ್ಪಾದರೆ ಯಾರಿಗೂ ಹೇಳದೆ ಮುಂದಕ್ಕೆ ಹೋಗು ಎಂದು ಯಂತ್ರಕ್ಕೆ ಕಲಿಸಿಟ್ಟಿದ್ದೆ. ಅದು ಬಹಳ ಚೆನ್ನಾಗಿ ಕಲಿತಿತ್ತು.

ನಾಲ್ಕನೆಯ ಕಿಟಕಿಯ ಎದುರು ಚೆನ್ನವೀರಪ್ಪ ನಿಂತು ಹನ್ನೊಂದು ವರ್ಷವಾಗಿತ್ತು. ಅವತ್ತು ಒಂದು ಅರ್ಜಿ ಯಂತ್ರದೊಳಗೆ ಸಿಕ್ಕಿಕೊಂಡಿದೆ, ತೆಗೆದುಹಾಕಿ ಎಂದು ಮೇಲಿನಿಂದ ಹೇಳಿದರು, ತೆಗೆದುಹಾಕಿದೆ. ಓದಿ ಕೂಡ ನೋಡಲಿಲ್ಲ. ಸರ್ವರ್ ಎದ್ದಿತು, ಉಳಿದವರೆಲ್ಲ ಎಚ್ಚರಾಗಿ ಹೋದರು, ಚೆನ್ನವೀರಪ್ಪ ನಿಂತೇ ಇದ್ದರು. ಉತ್ತರ ಬರಬೇಕಾದರೆ ಕೇಳಿದ್ದು ಒಳಗೆ ಉಳಿದಿರಬೇಕಲ್ಲ. ಈಗ ಅವರ ಮೇಲೊಂದು ತಗಡಿನ ಚಪ್ಪರ ಇದೆ. ಹೆಂಡತಿ ಸಿದ್ದಮ್ಮ ದಿನಾ ಬೆಳಿಗ್ಗೆ ಬಂದು ಮುಖ ಒರೆಸಿ, ವಾರಕ್ಕೊಮ್ಮೆ ಗಡ್ಡ ಹೆರೆದು, ಕಾಲ ಬುಡದಲ್ಲಿ ಚಾಪೆ ಹಾಸಿಕೊಂಡು ಕೂರುತ್ತಾಳೆ. ನನಗೆ ಒಂದು ದಿನವೂ ಒಂದು ಮಾತು ಅಂದವಳಲ್ಲ. ಬಯ್ದುಬಿಟ್ಟಿದ್ದರೆ ಆ ಕಡೆಯಿಂದ ಓಡಾಡುವುದು ಸುಲಭವಾಗುತ್ತಿತ್ತೋ ಏನೋ. ಹನ್ನೊಂದು ವರ್ಷ ನಾನು ಹಿಂದಿನ ಬಾಗಿಲಿನಿಂದಲೇ ಆಫೀಸಿಗೆ ಹೋಗುತ್ತಿದ್ದೆ.

ಆ ಸೋಮವಾರ ಬೆಳಿಗ್ಗೆ ನಾನು ಉಪ್ಪಿನ ಗೋದಾಮಿಗೆ ಹೋಗಿದ್ದೆ, ಅಲ್ಲಿಯ ಪ್ರಿಂಟರ್ ಕೆಟ್ಟಿತ್ತು. ಹನ್ನೊಂದು ಗಂಟೆಗೆ ಕಿಟಕಿಯ ಹಸೀನಾ ಫೋನ್ ಮಾಡಿದಳು. ಅವಳದು ಊರಿಗೆಲ್ಲ ಕೇಳುವ ಗಂಟಲು. ಅವತ್ತು ಪಿಸುಗುಟ್ಟುತ್ತಿದ್ದಳು. “ವತ್ಸಲಾ, ಬೇಗ ಬಾರೇ. ಬಿದ್ದಿದೆ. ಸಾಹೇಬ್ರು ಮೂರು ಸಲ ಎಬ್ಬಿಸಿದ್ರು, ಮೂರು ಸಲಾನೂ ಬಿತ್ತು.”

“ಕಿಟಕಿ ಮುಚ್ಚಿದ್ರಾ?”

“ಈಗ ಮುಚ್ಚಿದೀವಿ.”

ಈಗ ಮುಚ್ಚಿದ್ದಾರೆ. ಎಬ್ಬಿಸಿದಾಗಲೆಲ್ಲ ಕಿಟಕಿ ತೆರೆದಿತ್ತು ಅಂತಾಯಿತು. ಮೊದಲ ಸಲ ಬಿದ್ದಾಗ ಏಳು ಜನ ನಿಂತಿದ್ದರು. ಎಬ್ಬಿಸಿದ ಮೇಲೆ ಸಾಲಿನಲ್ಲಿದ್ದವರು ಮುಂದೆ ಬಂದು ಅರ್ಜಿ ಹಾಕಿದ್ದರು, ಮತ್ತೆ ಐದು, ಆಮೇಲೆ ಮೂರು, ಆಮೇಲೆ ಎರಡು. ನಾನು ಹೋಗುವ ಹೊತ್ತಿಗೆ ಕಿಟಕಿಗಳ ಎದುರಿನ ತೆರೆದ ಹಜಾರದಲ್ಲಿ ಹದಿನೇಳು ಜನ ನಿಂತಿದ್ದರು. ಸುತ್ತ ಮನೆಯವರು ಸ್ಟೂಲು, ಬೀಸಣಿಗೆ, ನೀರಿನ ಚೊಂಬು ಇಟ್ಟುಕೊಂಡು ಆಗಲೇ ಕೂತಿದ್ದರು. ಎರಡನೆಯ ಕಿಟಕಿಯಲ್ಲಿ ಒಬ್ಬ ಬಾಣಂತಿ ನಗುಮುಖದಲ್ಲಿ ನಿಂತಿದ್ದಳು. ಅವಳ ಅತ್ತೆ ಕೂಸನ್ನು ಸೊಸೆಯ ಎದೆಗೆ ಎತ್ತಿ ಹಿಡಿದು ಸೆರಗಿನ ಮರೆಯಲ್ಲಿ ಹಾಲು ಕುಡಿಸುತ್ತಿದ್ದಳು. ಹಾಲು ಬರುತ್ತಿತ್ತು. ಕೂಸಿಗೆ ಯಾವ ವ್ಯತ್ಯಾಸವೂ ಕಂಡಂತಿರಲಿಲ್ಲ.

ಮೂರನೆಯ ಕಿಟಕಿಯಲ್ಲಿ ನಿಂತವಳು ಮನೆಯಲ್ಲಿ ಉಡುವ ಹಳೆಯ ನೀಲಿ ಸೀರೆಯಲ್ಲಿದ್ದಳು. ಸೀರೆ ನೋಡಿದ ಕೂಡಲೇ ಗುರುತು ಹತ್ತಿತು. ನನ್ನ ಅತ್ತಿಗೆ, ಚಂದ್ರಕಲಾ.

ನಾನು ಮದುವೆಯಾದವಳಲ್ಲ. ಅಣ್ಣನ ಮನೆಯಲ್ಲಿ, ಅಣ್ಣ, ಅತ್ತಿಗೆ, ಮೀಸೆ ಬಂದ ಅವರ ಇಬ್ಬರು ಗಂಡುಮಕ್ಕಳ ಜೊತೆ ಇದ್ದೇನೆ. ಹದಿನೆಂಟು ವರ್ಷ ಅತ್ತಿಗೆ ಕಟ್ಟಿಕೊಟ್ಟ ಡಬ್ಬಿ ಹಿಡಿದು ಭಂಡಾರಕ್ಕೆ ಬಂದಿದ್ದೇನೆ. ಅಷ್ಟು ವರ್ಷ ನೋಡಿದ ಮುಖವನ್ನು ಅವತ್ತು ಹತ್ತಿರ ಹೋಗಿ ನೋಡಿದೆ. ತುಟಿ ಬಿಗಿದಿತ್ತು. ಕಣ್ಣು ಅಗಲವಾಗಿತ್ತು. ಯಾರೋ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಡುತ್ತಾರೆ ಎಂದು ಕಾಯುತ್ತಿರುವ ಹಾಗಿತ್ತು. ಹಾಗೆ ಹೆದರಿದ ಮುಖವನ್ನು ನಮ್ಮೂರಿನ ಕಿಟಕಿಯಲ್ಲಿ ಯಾರೂ ನೋಡಿರಲಿಲ್ಲ. ಜನ ಆ ಕಡೆ ತಿರುಗದೆ ಓಡಾಡುತ್ತಿದ್ದರು. ನಾನು ಮಾತ್ರ ಆ ಮುಖವನ್ನು ದಿನಾ ನೋಡಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಯಾರಾದರೂ “ಇನ್ನೂ ಆಗ್ಲಿಲ್ವಾ?” ಅಂದಾಗ ಅದು ಅರೆಗಳಿಗೆ ಬಂದು ಹೋಗುತ್ತಿತ್ತು. ಹಾಗೆ ಕೇಳುವವರಲ್ಲಿ ನಾನೂ ಇದ್ದೆ. ಬಂದು ಹೋಗುವುದನ್ನು ಕಂಡೂ ಕಾಣದ ಹಾಗಿರಬಹುದು. ಈಗ ಅದು ನಿಂತುಬಿಟ್ಟಿತ್ತು.

ಅಣ್ಣ ಶಿವಾನಂದ ಬಂದವನು ಮೊದಲು ಮಾಡಿದ ಕೆಲಸ ಹೆಗಲ ಮೇಲಿದ್ದ ಟವೆಲ್ ತೆಗೆದು ಅವಳ ಮುಖಕ್ಕೆ ಹಾಕಿದ್ದು. “ಮಾನ ಹೋಯ್ತು,” ಅಂದ. “ಮನೇಲಿ ಏನೋ ಹೊಡೆದು ಬಡಿದು ಮಾಡ್ತೀವಿ ಅಂದ್ಕೊಳಲ್ವಾ ಜನ? ಒಂದಿನ ಕೈ ಎತ್ತಿದೀನೇನೇ ನಾನು? ನೀನೇ ಹೇಳು ವತ್ಸಿ.”

“ಇಲ್ಲ ಅಣ್ಣ.”

“ಮತ್ತೆ ಯಾಕೆ ಹಿಂಗೆ ನಿಂತವಳೆ?”

ಅವನು ಕೈ ಎತ್ತಿರಲಿಲ್ಲ, ಅದು ನಿಜ. ನಾನು ಸರ್ವರ್ ಕೋಣೆಗೆ ಹೋದೆ.

ಚಪ್ಪಲಿ ಹೊರಗೆ ಬಿಟ್ಟು ಹೋಗುವ ಕೋಣೆ ಅದು. ಒಳಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮ್ಯಾನೇಜರ್ ಮಲ್ಲಿನಾಥ್ ಕುರ್ಚಿಯ ಮೇಲೆ ಬೆವರುತ್ತ ಕೂತಿದ್ದರು. “ನಾನು ಒಳ್ಳೇದಕ್ಕೇ ಎಬ್ಬಿಸಿದ್ದು ಮೇಡಂ,” ಅಂದರು. ಎಬ್ಬಿಸಿದ್ದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಒಂದೇ ಅರ್ಜಿಯ ಮೇಲೆ ಐದು ಸಲ ಬಿದ್ದರೆ ಯಂತ್ರ ಆ ಅರ್ಜಿಯನ್ನು ತಾನೇ ಎತ್ತಿ ಎಸೆಯುತ್ತದೆ. ಆ ಎಣಿಕೆ ಯಂತ್ರದ ಜೊತೆಗೇ ಬಂದದ್ದು, ನನ್ನ ಕೈಗೆ ಸಿಗುವಂಥದ್ದಲ್ಲ. ಮೊದಲು ಬಿದ್ದದ್ದು ಒಂದು, ಇವರು ಎಬ್ಬಿಸಿ ಬೀಳಿಸಿದ್ದು ಮೂರು. ನಾಲ್ಕು ಆಗಿಹೋಗಿತ್ತು. ಇನ್ನೊಂದು ಸಲ ಬಿದ್ದರೆ ಯಾರದೋ ಅರ್ಜಿ ಹೋಗುತ್ತದೆ, ಅವರು ಚೆನ್ನವೀರಪ್ಪನ ಪಕ್ಕ ನಿಲ್ಲುತ್ತಾರೆ.

ಯಾರದು ಎಂದು ಲಾಗಿನಲ್ಲಿ ನೋಡಿದೆ. ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದಿಡುವ ಕಡತ ಅದು. ಹತ್ತು ಐವತ್ತೆರಡರವರೆಗೆ ಸಾಲು ಸಾಲಾಗಿ ಇತ್ತು, ಆಮೇಲೆ ಏನೂ ಇಲ್ಲ. ತಪ್ಪಾದರೆ ಬಾಯಿ ಬಿಡಬೇಡ ಎಂದು ನಾನೇ ಕಲಿಸಿದ್ದೆನಲ್ಲ, ಬಾಯಿ ಬಿಟ್ಟಿರಲಿಲ್ಲ. ಸಾಯುವಾಗಲೂ ಒಂದು ಮಾತು ಹೇಳದೆ ಬಿದ್ದಿತ್ತು. ಅವತ್ತು ಸಂಜೆಯವರೆಗೂ ಬಿದ್ದ ಗಳಿಗೆಯ ಮೆಮೊರಿಯ ನಕಲನ್ನು ಹಳೆಯ ಕಂಪ್ಯೂಟರಿಗೆ ಹಾಕಿಕೊಂಡು, ಹದಿನೇಳು ಅರ್ಜಿಯನ್ನೂ ಒಂದೊಂದಾಗಿ ಹುಡುಕಿ ಹೊರಗೆ ತೆಗೆದೆ. ಈ ಸಲ ಪ್ರತಿಯೊಂದನ್ನೂ ಓದಿದೆ. ನೂಲು ಮೂರು ಉಂಡೆ. ಕೆಮ್ಮಿನ ಔಷಧಿ. ಬಾಣಂತಿಯದು ಓಮ ಮತ್ತು ಬೆಲ್ಲ. ಒಂಬತ್ತನೆಯದರಲ್ಲಿ ಯಾವ ಸಾಮಾನೂ ಇರಲಿಲ್ಲ. ಅದು ನಮ್ಮ ಮನೆಯ ಕಾರ್ಡು. ‘ಒಲೆಯ ಹೆಸರು ತೆಗೆಯುವುದು: ಚಂದ್ರಕಲಾ. ಬದಲಿಗೆ:’ ಎಂದಿತ್ತು. ಬದಲಿಗೆ ಎಂಬುದರ ಮುಂದೆ ಏನೂ ಇರಲಿಲ್ಲ.

ಸಂಜೆ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಅನ್ನ, ಸಾರು, ಪಲ್ಯ ಮುಚ್ಚಿಟ್ಟಿತ್ತು. ಕಟ್ಟೆಯ ಮೇಲೆ ಪಾತ್ರೆಯಲ್ಲಿ ಉದ್ದಿನಬೇಳೆ ನೆನೆದಿತ್ತು. ಮನೆ ಬಿಟ್ಟು ಹೋಗಲು ಹೊರಟವಳು ಮರುದಿನದ ಇಡ್ಲಿಗೆ ಬೇಳೆ ನೆನೆಹಾಕಿದ್ದಳು. ರುಬ್ಬಬೇಕು ಎಂದು ನನಗೆ ಹೊಳೆಯಲಿಲ್ಲ, ನಾಲ್ಕೂ ಜನ ತಣ್ಣಗಿನ ಅನ್ನ ಉಂಡು ಪಾತ್ರೆ ಅಲ್ಲೇ ಇಟ್ಟೆವು. ಮಾರನೆಯ ಬೆಳಿಗ್ಗೆ ನೋಡಿದರೆ ಬೇಳೆಯ ಮೇಲೆ ನೊರೆ ಎದ್ದಿತ್ತು.

ಮಂಗಳವಾರ ಹಸೀನಾಳನ್ನು ಕೋಣೆಗೆ ಕರೆದು ಕೇಳಿದೆ. ಅವಳು ಕಣ್ಣು ತಪ್ಪಿಸಿದಳು.

“ನಾನು ಕೇಳ್ದೆ ಕಣೇ. ಹೆಸರು ತೆಗೀತೀನಿ ಅಂದ್ರೆ ಬದಲಿಗೆ ಯಾರದಾದ್ರೂ ಹಾಕ್ಬೇಕಲ್ಲಮ್ಮ, ವತ್ಸಲಾದು ಹಾಕ್ಲಾ ಅಂದೆ.”

“ಅದಕ್ಕೆ?”

“ಬೇಡ ಅಂದ್ರು. ಅವಳದು ಬೇಡ, ಅವಳಿಗೆ ಕೆಲಸ ಇದೆ, ಖಾಲಿ ಬಿಡಿ ಅಂದ್ರು. ಖಾಲಿ ಬಿಟ್ರೆ ಯಂತ್ರ ಏನನ್ನತ್ತೋ ಅಂದೆ. ಅನ್ಲಿ ಬಿಡಿ ಅಂದ್ರು. ನಡುಗ್ತಾ ಇದ್ರು ಪಾಪ. ನಾನೂ ಒತ್ತಿಬಿಟ್ಟೆ. ನಂದೇ ತಪ್ಪು.”

“ನಿಂದಲ್ಲ,” ಅಂದೆ. ನನ್ನ ಹೆಸರು ಹಾಕಿಸಿದ್ದರೆ ಎರಡು ನಿಮಿಷದಲ್ಲಿ ಚೀಟಿ ಹಿಡಿದು ಹೊರಟುಹೋಗುತ್ತಿದ್ದಳು. ಒಬ್ಬರೂ ನಿಲ್ಲುತ್ತಿರಲಿಲ್ಲ.

ಹಳೆಯ ಕಂಪ್ಯೂಟರಿನಲ್ಲಿ ಇಲ್ಲದ ಬೀದಿಯ ಇಲ್ಲದ ಮನೆಗೊಂದು ಸುಳ್ಳು ಕಾರ್ಡು ಮಾಡಿದೆ. ಅದರ ಒಲೆಯ ಹೆಸರು ತೆಗೆದು ಖಾಲಿ ಬಿಟ್ಟೆ. ಕಂಪ್ಯೂಟರ್ ಬಿತ್ತು. ಎದ್ದು ಹೊರಗೆ ಓಡಿ ಹಜಾರದಲ್ಲಿ ನಿಂತವರನ್ನು ಎಣಿಸಿದೆ. ಹದಿನೇಳು, ಚೆನ್ನವೀರಪ್ಪ ಸೇರಿ ಹದಿನೆಂಟು. ಹೆಚ್ಚಾಗಿರಲಿಲ್ಲ. ಆದರೂ ಆ ದಿನ ಹಳೆಯ ಕಂಪ್ಯೂಟರ್ ಬಿದ್ದಾಗಲೆಲ್ಲ ಎದ್ದು ಹೋಗಿ ಎಣಿಸಿದೆ. ನಾನು ಬೆರಳು ಮಡಚುತ್ತ ಬರುವುದನ್ನು ಕಂಡು ಬಾಣಂತಿಯ ಅತ್ತೆ ಕೂಸನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಅದೇ ಸುಳ್ಳು ಕಾರ್ಡಿನ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ. ವತ್ಸಲಾ. ಕಂಪ್ಯೂಟರ್ ಗೊಣಗದೆ ನುಂಗಿತು. ಮತ್ತೆ ಬರೆದೆ, ಮತ್ತೆ ನುಂಗಿತು. ಹತ್ತು ಸಲ ಬರೆದೆ, ಹತ್ತೂ ಸಲ ನುಂಗಿತು. ಅತ್ತಿಗೆಯ ಅರ್ಜಿಗೆ ಆ ಮೂರು ಅಕ್ಷರ ಸೇರಿಸಿಬಿಟ್ಟರೆ ಎಲ್ಲ ಸುಸೂತ್ರವಾಗುತ್ತದೆ, ಅವಳು ಎದ್ದು ಹೋಗಬಹುದು, ಹದಿನಾರು ಜನವೂ ಏಳುತ್ತಾರೆ. ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು “ಇನ್ನೂ ಆಗ್ಲಿಲ್ವಾ?” ಅನ್ನುವ ಮೂರು ಜನ. ಅವರ ಕಡೆ ತಿರುಗುವ ಮುಖ ನನ್ನದು. ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ನನಗೆ ಹೆದರಿಕೆಯಾಯಿತು. ಇನ್ನೊಬ್ಬಳ ಜೀವ ಒಂದು ಎಳೆಯ ಮೇಲೆ ಇರುವಾಗ ನನಗೆ ನನ್ನದೇ ಹೆದರಿಕೆಯಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ನಾಚಿಕೆಯಿಂದ ಹೆದರಿಕೆ ಕಡಿಮೆಯಾಗಲಿಲ್ಲ.

ಮಲ್ಲಿನಾಥ್ ಬಂದರು. ಮೇಲಿನವರು ಬುಧವಾರ ಮೂರು ಗಂಟೆಯವರೆಗೆ ಗಡುವು ಕೊಟ್ಟಿದ್ದಾರೆ ಅಂದರು. “ಔಷಧಿ ಇಲ್ದೆ ಊರಲ್ಲಿ ಜನ ಒದ್ದಾಡ್ತಿದಾರೆ ಮೇಡಂ. ಇನ್ನೊಂದು ಸಲ ಬೀಳ್ಲಿ ಬಿಡಿ. ಐದಾಗತ್ತೆ, ಆ ಅರ್ಜಿ ತಾನೇ ಎಸೆಯತ್ತೆ. ಹದಿನಾರು ಜನ ಏಳ್ತಾರೆ.”

“ಹದಿನೇಳನೆಯವಳು ನಮ್ಮತ್ತಿಗೆ ಸಾರ್.”

“ಗೊತ್ತು. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಇಲ್ದಿದ್ರೆ ಕೇಳ್ತಿರ್ಲಿಲ್ಲ,” ಅಂದರು. ಆ ಮಾತು ಹೇಳುವಾಗ ಅವರಿಗೂ ನಾಚಿಕೆಯಾಗಿರಬೇಕು, ಕನ್ನಡಕ ತೆಗೆದು ಒರೆಸಿಕೊಂಡರು.

ಅರ್ಜಿಯಲ್ಲಿ ಏನಿತ್ತೆಂದು ಅಣ್ಣನಿಗೆ ಅವರಿಂದಲೇ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಕೂಗಾಡಲಿಲ್ಲ. ಮೆಲ್ಲಗೆ ಪಕ್ಕದ ಸ್ಟೂಲಿನ ಮೇಲೆ ಕೂತ.

“ಅರ್ಜಿ ತಿದ್ದಕ್ಕೆ ಬರತ್ತಾ ನಿಂಗೆ?”

“ಬರತ್ತೆ.”

“ಹಂಗಾದ್ರೆ ಎರಡು ಕಿಲೋ ರವೆ ಅಂತ ತಿದ್ದು. ಎದ್ದು ರವೆ ತಗೊಂಡು ಮನೆಗೆ ಬರ್ತಾಳೆ.”

“ತಾನು ಏನು ಕೇಳಿದ್ದು ಅಂತ ಅವಳಿಗೆ ನೆನಪಿರತ್ತೆ ಅಣ್ಣ.”

“ಇರ್ಲಿ. ಇನ್ನೊಂದ್ಸಲ ಬಂದು ಕೇಳೋ ಧೈರ್ಯ ಮಾಡಲ್ಲ ಅವಳು. ಆ ಮುಖ ನೋಡಿದ್ಯಲ್ಲ ನೀನು?”

ಅವನು ಕೆಟ್ಟವನಾಗಿ ಅದನ್ನು ಹೇಳಲಿಲ್ಲ. ಮನೆಯ ಹೆಂಚು ಸೋರುತ್ತಿದೆ, ಸರಿಮಾಡಿಸಬೇಕು ಎನ್ನುವ ಧ್ವನಿಯಲ್ಲೇ ಹೇಳಿದ. ಅವನು ಸರಿಯಾಗಿಯೇ ಹೇಳುತ್ತಿದ್ದಾನೆ ಎಂದೂ ನನಗೆ ಗೊತ್ತಿತ್ತು. ಅವಳು ಮತ್ತೆ ಬರುವುದಿಲ್ಲ. ನಾಳಿದ್ದಿನಿಂದ ಡಬ್ಬಿ ಬರುತ್ತದೆ, ಬಿಸಿಬಿಸಿ ಇಡ್ಲಿ ಬರುತ್ತದೆ, ಎಲ್ಲ ಮೊದಲಿನ ಹಾಗೇ ಇರುತ್ತದೆ. ಮೊದಲಿನ ಹಾಗೇ ಇರಲಿ ಎಂದು ನನ್ನೊಳಗೂ ಯಾರೋ ಅಂದರು.

“ಯೋಚನೆ ಮಾಡ್ತೀನಿ,” ಅಂದೆ.

“ಯೋಚನೆ ಏನ್ ಮಾಡ್ತೀಯ ಅದ್ರಲ್ಲಿ,” ಅಂದು ಎದ್ದುಹೋದ.

ಬುಧವಾರ ಬೆಳಿಗ್ಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಮುಂದಿನ ಬಾಗಿಲಿನಿಂದ ಒಳಗೆ ಹೋದೆ. ಯಾಕೆ ಹೋದೆನೋ, ಕಾಲು ಆ ಕಡೆ ಹೋಯಿತು. ಸಿದ್ದಮ್ಮ ಗಂಡನ ಕತ್ತು ಒರೆಸುತ್ತಿದ್ದಳು. ಚೆನ್ನವೀರಪ್ಪನದು ಒಳ್ಳೆಯ ಮುಖ, ಏನೋ ಒಂದು ಸಂತೋಷದ ಸುದ್ದಿ ಹೇಳಲು ಬಾಯಿ ತೆರೆದ ಹಾಗೆ ನಿಂತಿದ್ದರು.

“ಕೂತ್ಕೊ ತಾಯಿ,” ಅಂದಳು. ಚಾಪೆಯ ತುದಿಯಲ್ಲಿ ಕೂತೆ.

“ಇವ್ರು ಅವತ್ತು ಏನ್ ಕೇಳಕ್ಕೆ ಬಂದಿದ್ರು ಅಂತ ನಂಗೆ ಗೊತ್ತಿಲ್ಲ ನೋಡು,” ಅಂದಳು. “ಮನೇಲಿ ಎಣ್ಣೆ ಇತ್ತು, ಬೇಳೆ ಇತ್ತು. ಏನೂ ಬೇಕಾಗಿರ್ಲಿಲ್ಲ. ಆದ್ರೂ ನಗ್ತಾ ನಗ್ತಾ ಬಂದ್ರು. ನಂಗೇನಾದ್ರೂ ತರಕ್ಕೆ ಬಂದಿದ್ರಾ, ಬೇರೆ ಯಾರಿಗಾದ್ರೂ ತರಕ್ಕೆ ಬಂದಿದ್ರಾ. ಹನ್ನೊಂದು ವರ್ಷ ಆಯ್ತು, ದಿನಾ ಮುಖ ಒರೆಸ್ತಾ ಅದೇ ಕೇಳ್ತೀನಿ.” ಬಟ್ಟೆ ಹಿಂಡಿದಳು. “ನೀನು ಓದಿದ್ಯಾ ಅದನ್ನ?”

“ಇಲ್ಲ ಸಿದ್ದಮ್ಮ. ಓದ್ಲಿಲ್ಲ.”

ಅವಳು ತಲೆಯಾಡಿಸಿದಳು, ಬಹಳ ದಿನದಿಂದ ಗೊತ್ತಿದ್ದದ್ದನ್ನು ಕೇಳಿದವಳ ಹಾಗೆ. “ಈ ಸಲ?”

“ಓದಿದೀನಿ.”

“ಹಂಗಾದ್ರೆ ಅದೇನು ಕೇಳವ್ಳೋ ಅದನ್ನೇ ಕೊಟ್ಬಿಡು. ಇಲ್ಲಿ ಇನ್ನೊಬ್ರು ನಿಲ್ಲಕ್ಕೆ ಜಾಗಾನೂ ಇಲ್ಲ. ಇವ್ರಿಗೇ ತಗಡು ಸಾಲ್ದು, ಮಳೆ ಬಂದ್ರೆ ಎಡಗಡೆ ನೆನೀತಾರೆ,” ಅಂದು ನಕ್ಕಳು.

ಕೋಣೆಗೆ ಹೋಗಿ ಪ್ರೋಗ್ರಾಮಿಗೆ ಕೈ ಹಾಕಿದೆ. ಇಪ್ಪತ್ತೆರಡು ವರ್ಷದ ಹಿಂದಿನ ನನ್ನದೇ ಬರವಣಿಗೆಯನ್ನು ಬೇರೆ ಯಾರದೋ ಕಾಗದ ಓದುವ ಹಾಗೆ ಓದಿದೆ. ಒಲೆಯ ಹೆಸರನ್ನು ಕೇಳುವ ಜಾಗ ಒಂದಲ್ಲ, ಹದಿಮೂರು ಕಡೆ ಇತ್ತು. ಅಕ್ಕಿ ಅಳೆಯುವಾಗ ಕೇಳುತ್ತಿತ್ತು, ಚೀಟಿ ಬರೆಯುವಾಗ ಕೇಳುತ್ತಿತ್ತು, ಹಬ್ಬದ ಬೆಲ್ಲ ಹಂಚುವಾಗಲೂ ಕೇಳುತ್ತಿತ್ತು. ಹದಿಮೂರೂ ಕಡೆ, ಹೆಸರಿಲ್ಲದಿದ್ದರೆ ಇಲ್ಲವೆಂದೇ ತಿಳಿದು ಕೆಲಸ ಮುಂದುವರಿಸು, ಅದನ್ನು ಬರೆದಿಡು ಎಂದು ತಿದ್ದಿದೆ. ತಪ್ಪಾದರೆ ಸುಮ್ಮನಿರು ಎಂದಿದ್ದ ಸಾಲನ್ನು ಕಿತ್ತುಹಾಕಿದೆ. ಹಳೆಯ ಕಂಪ್ಯೂಟರಿನಲ್ಲಿ ನಲವತ್ತು ಸಲ ಓಡಿಸಿದೆ. ಬೀಳಲಿಲ್ಲ. ಆದರೆ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ಸುಳ್ಳು ಮನೆ. ಹದಿನಾಲ್ಕನೆಯ ಜಾಗವೊಂದು ನನ್ನ ಕಣ್ಣಿಗೆ ಬೀಳದೆ ಉಳಿದಿದ್ದರೆ? ನನ್ನ ಹೆಸರು ಬರೆದರೆ ಈ ಹೆದರಿಕೆಯೇ ಇರುವುದಿಲ್ಲ, ಅದು ಖಂಡಿತ. ಇದು ಖಂಡಿತವಲ್ಲ. ಅವಳು ಕೇಳಿದ್ದನ್ನೇ ಕೊಡುತ್ತಿದ್ದೇನೆಯೋ, ಅವಳನ್ನು ಮುಂದೆ ಮಾಡಿ ನನ್ನನ್ನು ಉಳಿಸಿಕೊಳ್ಳುತ್ತಿದ್ದೇನೆಯೋ, ಇವತ್ತಿಗೂ ನನಗೆ ತೂಗಿ ಹೇಳಲು ಬರುವುದಿಲ್ಲ. ಅವಳು ‘ಅವಳದು ಬೇಡ’ ಅಂದಿದ್ದಳು. ಅದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮೂರಕ್ಕೆ ಐದು ನಿಮಿಷ ಇರುವಾಗ ಹಸೀನಾಳಿಗೆ ಕಿಟಕಿಗಳನ್ನು ಭದ್ರವಾಗಿ ಮುಚ್ಚಲು ಹೇಳಿದೆ. ಹೊಸದಾಗಿ ಒಬ್ಬರೂ ಗುಂಡಿ ಮುಟ್ಟಬಾರದು. ಹಜಾರದಲ್ಲಿ ನಿಂತವರೂ ಅವರವರ ಮನೆಯವರೂ ಮಾತ್ರ ಉಳಿದರು. ಅಣ್ಣ ಅತ್ತಿಗೆಯ ಎದುರು ಸ್ಟೂಲಿನ ಮೇಲೆ ಕೂತಿದ್ದ. ನಾನು ರವೆ ಎಂದು ತಿದ್ದಿದ್ದೇನೆ ಎಂದು ಅವನು ನಂಬಿದ್ದ. ನಾನು ಹೌದು ಅಂದಿರಲಿಲ್ಲ, ಅಲ್ಲ ಎಂದೂ ಅಂದಿರಲಿಲ್ಲ.

ಸರ್ವರ್ ಎಬ್ಬಿಸಿದೆ. ಎದ್ದ ಮೇಲೆ ಅದು ಅತ್ತಿಗೆಯ ಅರ್ಜಿ ಮುಟ್ಟಲು ನಲವತ್ತು ಸೆಕೆಂಡು ಬೇಕು, ಹಿಂದಿನ ಮೂರು ಸಲವೂ ಅಷ್ಟೇ ಹಿಡಿದಿತ್ತು. ಫ್ಯಾನಿನ ಸದ್ದು ಏರಿತು. ಮಲ್ಲಿನಾಥ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಇನ್ನೂ ಹೊತ್ತಿದೆ, ನಿಲ್ಲಿಸಿಬಿಡಬಹುದು, ನನ್ನ ಹೆಸರು ಹಾಕಿ ಮತ್ತೆ ಎಬ್ಬಿಸಬಹುದು. ಮೂವತ್ತು. ಮೂವತ್ತೆಂಟು, ಮೂವತ್ತೊಂಬತ್ತು. ನಲವತ್ತಕ್ಕೆ ಪರದೆ ಒಂದು ಗಳಿಗೆ ಅಲುಗಲಿಲ್ಲ. ನಲವತ್ತೊಂದಕ್ಕೂ ಅಲುಗಲಿಲ್ಲ. ಐದು ಎಂದು ನನ್ನ ಮನಸ್ಸು ಎಣಿಸಿಬಿಟ್ಟಿತು. ಆಗ ಲಾಗಿನಲ್ಲಿ ಒಂದು ಸಾಲು ಮೂಡಿತು, ಇಪ್ಪತ್ತೆರಡು ವರ್ಷದಲ್ಲಿ ಆ ಯಂತ್ರ ಬಾಯಿ ಬಿಟ್ಟು ಹೇಳಿದ ಮೊದಲನೆಯ ಮಾತು. ‘ಒಲೆಯ ಹೆಸರು ಇಲ್ಲ. ಮುಂದುವರಿಯುತ್ತಿದ್ದೇನೆ.’

ಹಜಾರಕ್ಕೆ ಓಡಿದೆ. ಅತ್ತಿಗೆ ಮುಖದ ಮೇಲಿನ ಟವೆಲನ್ನು ತಾನೇ ಕೈಯಿಂದ ತೆಗೆಯುತ್ತಿದ್ದಳು.

“ಇದ್ಯಾರು ನನ್ ಮುಖಕ್ಕೆ ಟವೆಲ್ ಹಾಕಿದ್ದು?” ಅಂದಳು.

ಹಿಂದೆ ಒಬ್ಬೊಬ್ಬರಾಗಿ ಎಚ್ಚರಾಗುತ್ತಿದ್ದರು. ಬೆಲ್ಲ ಕರೀದು ಬೇಡ, ಕೆಂಪಗಿರೋದು ಕೊಡಿ ಎನ್ನುತ್ತಿದ್ದ ಬಾಣಂತಿ, ಕುಪ್ಪಸ ಬಿಚ್ಚಿದ್ದು ಕಂಡು “ಅಯ್ಯೋ ಅತ್ತೆ!” ಎಂದು ಕಿರುಚಿದಳು. ಹಸೀನಾ ಕಿಟಕಿ ತೆರೆದು ಅತ್ತಿಗೆಗೆ ಚೀಟಿ ಕೊಟ್ಟಳು. ಅಷ್ಟರಲ್ಲಿ ಅತ್ತಿಗೆ ಅಣ್ಣನನ್ನು ನೋಡಿದಳು. ಆ ಮುಖ ಅರೆಗಳಿಗೆ ಬಂತು. ಹೋಯಿತು. ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದಳು.

“ಎಷ್ಟೊತ್ತು ನಿಂತಿದ್ದೆ?”

“ಇವತ್ತು ಬುಧವಾರ ಅತ್ತಿಗೆ.”

“ಅಯ್ಯೋ, ಉದ್ದು ನೆನೆಹಾಕಿದ್ನಲ್ಲ!”

“ಹುಳಿ ಬಂದಿತ್ತು. ಚೆಲ್ಲಿದೆ.”

“ಪಾತ್ರೆಗೆ ಹುಣಸೇಹಣ್ಣು ಹಾಕಿ ತಿಕ್ಕು. ಇಲ್ದಿದ್ರೆ ವಾಸನೆ ಹೋಗಲ್ಲ,” ಅಂದಳು. ಟವೆಲನ್ನು ನಾಲ್ಕು ಮಡಿಕೆ ಮಾಡಿ ಅಣ್ಣನ ಕೈಯಲ್ಲಿಟ್ಟಳು. “ಹೊಳೆ ಆಚೆ ಚಾಪೆ ಹೆಣೆಯೋ ಸಂಘದಲ್ಲಿ ಜಾಗ ಇದೆಯಂತೆ. ನಾಲ್ಕೂವರೆಗೆ ಬಸ್ಸು. ಹುಡುಗ್ರಿಗೆ ಹೇಳಿ, ಬೇಕಾದಾಗ ಬಂದು ನೋಡ್ಲಿ.” ನನ್ನ ಹತ್ತಿರ ಹಾದುಹೋಗುವಾಗ ಒಂದು ಗಳಿಗೆ ನಿಂತು, “ನಿನ್ ಹೆಸರು ಹಾಕಿಲ್ಲ ತಾನೇ?” ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಹಳೆಯ ನೀಲಿ ಸೀರೆಯಲ್ಲೇ, ಕೈಯಲ್ಲಿ ಒಂದು ಚೀಲವೂ ಇಲ್ಲದೆ, ಮುಂದಿನ ಬಾಗಿಲಿನಿಂದ ಹೊರಟುಹೋದಳು.

ಅಣ್ಣ ಟವೆಲ್ ಹಿಡಿದು ನಿಂತೇ ಇದ್ದ. ಎಷ್ಟು ಹೊತ್ತು ಅಲುಗದೆ ನಿಂತಿದ್ದನೆಂದರೆ ಯಾರೋ ಹತ್ತಿರ ಹೋಗಿ ಅವನ ಮೂಗಿನ ಕೆಳಗೆ ಕೈ ಹಿಡಿದು ನೋಡಿದರು. ಆಮೇಲೆ ಅವನು ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ.

ಆ ರಾತ್ರಿ ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಅಕ್ಕಿ ಮುಗಿದಿದೆ ಎಂದು ಮರುದಿನ ಬೆಳಿಗ್ಗೆ ದೊಡ್ಡ ಹುಡುಗ ಡಬ್ಬಿ ತೆರೆದು ತೋರಿಸಿದ. ಕಾರ್ಡು ತೆಗೆದುಕೊಂಡು ನಾನೇ ಹೊರಟೆ. ಊರಿನಲ್ಲಿ ಒಲೆಯ ಹೆಸರಿಲ್ಲದ ಕಾರ್ಡು ಅದೊಂದೇ, ಕಿಟಕಿಗೆ ಹೋಗುತ್ತಿರುವುದು ಮೊದಲನೆಯ ಸಲ. ಹದಿನಾಲ್ಕನೆಯ ಜಾಗ ಎಲ್ಲಾದರೂ ಉಳಿದಿದ್ದರೆ ಅದು ಗೊತ್ತಾಗುವುದು ಈಗಲೇ, ಅಕ್ಕಿ ಅಳೆಯುವಾಗ. ಸಾಲಿನಲ್ಲಿ ಹನ್ನೆರಡು ಜನರಿದ್ದರು. ಅವರಿಗೆಲ್ಲ ಗೊತ್ತಿತ್ತು. ನನ್ನ ಹಿಂದೆ ನಿಂತವರು ಒಂದು ಮಾರು ದೂರ ಬಿಟ್ಟುಕೊಂಡಿದ್ದರು, ಪಕ್ಕದ ಕಿಟಕಿಗಳಲ್ಲಿ ಒಬ್ಬರೂ ಅರ್ಜಿ ಹಾಕಲಿಲ್ಲ. ಹಸೀನಾ ಕಾರ್ಡು ತೆಗೆದುಕೊಂಡು ನನ್ನ ಮುಖ ನೋಡಿದಳು. ಮುಖ ಸರಿಮಾಡಿಕೊಳ್ಳಲು ಮರೆತಿದ್ದೇನೆ ಎಂದು ಆಗ ಹೊಳೆಯಿತು. ಸೀರೆಯೂ ಮನೆಯದೇ. ನಗು ತಂದುಕೊಳ್ಳಲು ನೋಡಿದೆ, ತುಟಿ ಮಾತು ಕೇಳಲಿಲ್ಲ.

“ಒತ್ಲಾ?” ಅಂದಳು.

“ಒತ್ತು.”

ಗುಂಡಿಯ ಸದ್ದಾಯಿತು. ಒಳಗೆ ಯಂತ್ರ ಯೋಚಿಸುವುದು ನನಗೆ ಕೇಳಿಸಿದ ಹಾಗಾಯಿತು. ಆಮೇಲೆ ಪ್ರಿಂಟರ್ ಕರಕರ ಅಂದಿತು, ಚೀಟಿ ಹೊರಬಂತು. ಅಕ್ಕಿ ಹತ್ತು ಕಿಲೋ. ಅದರ ಮೇಲೆ ‘ಒಲೆಯ ಹೆಸರು’, ಮುಂದೆ ಬಿಳಿಯ ಕಾಗದ. ಹಿಂದಿನವರು ಇಣುಕುತ್ತಿದ್ದರು. ಆ ಬಿಳಿಯ ಜಾಗದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡು ಸಾಲಿನಿಂದ ಆಚೆ ಬಂದೆ.

ಚಪ್ಪರದ ಕೆಳಗೆ ಸಿದ್ದಮ್ಮ ಎಲ್ಲವನ್ನೂ ನೋಡುತ್ತ ಕೂತಿದ್ದಳು. “ಹಂಗೇ ಹೆದರ್ಕೊಂಡೇ ಬಂದ್ಬಿಟ್ಯಲ್ಲ ತಾಯಿ,” ಅಂದಳು. “ನಿಂತ್ಬಿಟ್ಟಿದ್ರೆ ಏನ್ ಗತಿ?”

“ಟವೆಲ್ ಹಾಕ್ತಿದ್ರಿ.”

“ಬೇರೆಯವ್ರು ಹಾಕ್ತಿದ್ರೇನೋ,” ಅಂದಳು ಸಿದ್ದಮ್ಮ, ಬಟ್ಟೆಯನ್ನು ಚೊಂಬಿನ ನೀರಿನಲ್ಲಿ ಅದ್ದುತ್ತ. “ನಾನಂತೂ ಹಾಕ್ತಿರ್ಲಿಲ್ಲ.” ಎದ್ದು, ಗಂಡನ ನಗುವ ಮುಖವನ್ನು ಹಣೆಯಿಂದ ಗದ್ದದವರೆಗೆ ಒರೆಸತೊಡಗಿದಳು.